ಉಣ್ಣುವಾಗ ಕೇಳಿಸದ ಕಿವಿ

ನಾನು ಚಿತ್ರದುರ್ಗದ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕೆ ಸೇರಿದಾಗ ನನ್ನ ಹುದ್ದೆಯ ಹೆಸರು ಯಾರ ಬಾಯಲ್ಲೂ ಸರಿಯಾಗಿ ನಿಲ್ಲುತ್ತಿರಲಿಲ್ಲ. ನೇಮಕದ ಪತ್ರದಲ್ಲಿ ಆಡಿಯಾಲಜಿಸ್ಟ್ ಎಂದಿತ್ತು. ಜನ ಅದನ್ನು ‘ಕಿವಿ ಮೇಡಂ’ ಎಂದು ಮಾಡಿಕೊಂಡರು. ಗುಗ್ಗೆ ತೆಗೆಯಲಿಕ್ಕೆ, ಸೋರುವ ಕಿವಿಗೆ ಔಷಧಿ ಬಿಡಲಿಕ್ಕೆ, ಕೊನೆಗೆ ಓಲೆಗೆ ಕಿವಿ ಚುಚ್ಚಿಸಲಿಕ್ಕೂ ನನ್ನ ಬಾಗಿಲಿಗೆ ಬರುತ್ತಿದ್ದರು. ಎಷ್ಟು ಕೇಳಿಸುತ್ತದೆ ಎಂದು ಅಳೆಯುವುದು, ಕೇಳಿಸದವರಿಗೆ ಯಂತ್ರ ಹೊಂದಿಸುವುದು, ಕಿವುಡು ಮಕ್ಕಳಿಗೆ ಮಾತು ಕಲಿಸುವುದು ನನ್ನ ಕೆಲಸ ಎಂದು ಹೇಳಿ ಹೇಳಿ ಸಾಕಾಗಿ, ಕಿವಿ ಮೇಡಂ ಎಂಬ ಹೆಸರನ್ನೇ ಒಪ್ಪಿಕೊಂಡೆ. ನಿವೃತ್ತಿಯಾಗಿ ಇಷ್ಟು ವರ್ಷವಾದರೂ ಸಂತೆಪೇಟೆಯಲ್ಲಿ ತರಕಾರಿ ಕೊಳ್ಳುವಾಗ ಯಾರಾದರೂ ಹಾಗೇ ಕರೆಯುತ್ತಾರೆ.

ಈಗ ಈ ಕೆಲಸಕ್ಕೆ ಬರುವ ಹುಡುಗಿಯರು ಆಗಾಗ ಮನೆಗೆ ಬರುತ್ತಾರೆ. ಅವರ ಹತ್ತಿರ ನಮ್ಮ ಕಾಲದಲ್ಲಿ ಇಲ್ಲದ ಯಂತ್ರಗಳಿವೆ, ನನಗಿಂತ ಹೆಚ್ಚು ಓದಿದ್ದಾರೆ. ಅವರಿಗೆ ಹೇಳಬೇಕಾದ್ದು ನನ್ನಲ್ಲಿ ಹೆಚ್ಚೇನೂ ಇಲ್ಲ. ಒಂದು ಮಗುವಿನ ವಿಷಯ ಮಾತ್ರ ಇದೆ. ಅದನ್ನು ಅರ್ಧಂಬರ್ಧ ಹಲವರಿಗೆ ಹೇಳಿದ್ದೇನೆ. ನನ್ನ ತಪ್ಪಿನ ಭಾಗವನ್ನು ಯಾವಾಗಲೂ ಬೇಗ ಬೇಗ ದಾಟಿಬಿಡುತ್ತಿದ್ದೆ. ಇಲ್ಲಿ ನಿಧಾನವಾಗಿ ಬರೆಯುತ್ತೇನೆ.

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನನ್ನ ಪರೀಕ್ಷಾ ಕೋಣೆ ಎಂದರೆ ಹಾಸಿಗೆ ದಿಂಬು ತುಂಬಿಡುತ್ತಿದ್ದ ಹಳೆಯ ಉಗ್ರಾಣ. ಗೋಡೆಗೆ ಥರ್ಮಾಕೋಲ್ ಅಂಟಿಸಿ ಅದರ ಮೇಲೆ ಗೋಣಿ ಹೊಡೆದಿದ್ದರು. ಆದರೂ ಹೆದ್ದಾರಿಯ ಲಾರಿ ಒಳಗೆ ಬಂದೇ ಬರುತ್ತಿತ್ತು. ಲಾರಿ ದಾಟುವವರೆಗೆ ಪರೀಕ್ಷೆ ನಿಲ್ಲಿಸಿ ಕೂರುತ್ತಿದ್ದೆ. ದೊಡ್ಡವರಿಗೆ ಆಡಿಯೋಮೀಟರ್ ಇತ್ತು. ಎಳೆಯ ಮಕ್ಕಳಿಗೆ ಡಮರು, ಗಿಲಕಿ, ಸ್ಟೀಲ್ ತಟ್ಟೆ ಮತ್ತು ಚಮಚ. ಮಗುವಿನ ಬೆನ್ನ ಹಿಂದೆ ನಿಂತು ಬಾರಿಸುವುದು, ಅದು ತಿರುಗಿತೋ ಇಲ್ಲವೋ ನೋಡುವುದು.

ಸೇರಿದ ವರ್ಷವೇ ಹೊಳಲ್ಕೆರೆ ಕಡೆಯಿಂದ ಎರಡು ವರ್ಷದ ಮಗುವೊಂದನ್ನು ತಂದಿದ್ದರು. ನಾನು ಹಿಂದೆ ನಿಂತು ಡಮರು ಅಲ್ಲಾಡಿಸಿದ ಕೂಡಲೇ ಮಗು ತಿರುಗಿತು. ಐದು ಸಲ ಬಾರಿಸಿದರೆ ಐದು ಸಲವೂ ತಿರುಗಿತು. ಕೇಳಿಸುತ್ತದೆ, ಮಾತು ತಡವಾಗಿ ಬರುತ್ತದೆ ಎಂದು ಬರೆದು ಕಳಿಸಿದೆ. ಏಳು ತಿಂಗಳ ಮೇಲೆ ಅದೇ ಮಗು ವಾಪಸ್ಸು ಬಂತು. ಒಂದು ಮಾತೂ ಬಂದಿರಲಿಲ್ಲ. ನಮ್ಮ ದೊಡ್ಡ ಡಾಕ್ಟರು, ಅಂದರೆ ಕಿವಿ ಮೂಗು ಗಂಟಲು ವಿಭಾಗದ ಮುಖ್ಯಸ್ಥರು, ಆ ದಿನ ನನ್ನ ಕೋಣೆಯ ಮೂಲೆಯಲ್ಲಿ ಕೂತು ಪರೀಕ್ಷೆ ನೋಡಿದರು. ಮಗುವಿನ ಮುಂದೆ ಗಾಜಿನ ಬಾಗಿಲಿನ ಬೀರು ಇತ್ತು. ನಾನು ಕೈಯೆತ್ತಿದ್ದು ಆ ಗಾಜಿನಲ್ಲಿ ಕಾಣುತ್ತಿತ್ತು.

“ನಿಮ್ಮ ಪರೀಕ್ಷೆ ಚೆನ್ನಾಗಿಯೇ ಇದೆಯಮ್ಮ,” ಅಂದರು ಅವರು. “ಕಣ್ಣಿನ ಪರೀಕ್ಷೆ ಆಯಿತು, ಅಷ್ಟೆ.”

ಮರುದಿನವೇ ಗಾಜಿಗೆ ಹಳೆಯ ಪತ್ರಿಕೆ ಅಂಟಿಸಿದೆ. ಅಂಥ ತಪ್ಪು ಇನ್ನು ಆಗುವುದಿಲ್ಲ ಎಂದುಕೊಂಡೆ. ಆ ವಯಸ್ಸಿನಲ್ಲಿ ಒಂದು ತಪ್ಪಿನಿಂದ ಎಲ್ಲ ತಪ್ಪುಗಳನ್ನೂ ಕಲಿತೆ ಅನ್ನಿಸುತ್ತದೆ.

ವಾರದಲ್ಲಿ ಎರಡು ದಿನ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಿಗೆ ಶಿಬಿರಕ್ಕೆ ಹೋಗುತ್ತಿದ್ದೆ. ಬಸ್ಸಿನಲ್ಲಿ ತೊಡೆಯ ಮೇಲೆ ಆಡಿಯೋಮೀಟರ್ ಇಟ್ಟುಕೊಂಡು ಕೂತರೆ ಕಂಡಕ್ಟರುಗಳು ಹೊಲಿಗೆ ಯಂತ್ರ ಎಂದುಕೊಳ್ಳುತ್ತಿದ್ದರು. ಶಾಲೆಯ ಒಂದು ಕೋಣೆಯನ್ನು ನಮಗೆ ಬಿಟ್ಟುಕೊಡುತ್ತಿದ್ದರು. ಮಕ್ಕಳಿಗೆ ಆಗ ಕೊಡುತ್ತಿದ್ದುದು ಬೆಂಕಿಪೊಟ್ಟಣದಷ್ಟು ದೊಡ್ಡ ಯಂತ್ರ. ಅದನ್ನು ಎದೆಯ ಮೇಲಿಟ್ಟು ಅಲ್ಲಿಂದ ಕಿವಿಗೆ ವೈರು ಎಳೆಯಬೇಕಿತ್ತು. ತಾಯಂದಿರು ಅಂಗಿಯ ಮೇಲೆ ಅದಕ್ಕೆಂದೇ ಜೇಬು ಹೊಲಿಯುತ್ತಿದ್ದರು. ಸ್ವಲ್ಪ ಕೇಳಿಸುವ ಮಕ್ಕಳಿಗೆ ಅದರಿಂದ ಅನುಕೂಲವಾಗುತ್ತಿತ್ತು. ಏನೂ ಕೇಳಿಸದ ಮಕ್ಕಳಿಗೆ ಅದು ಎದೆಯ ಮೇಲಿನ ಭಾರ.

ಅಂಥವರಿಗಾಗಿ ಕಾಕ್ಲಿಯರ್ ಇಂಪ್ಲಾಂಟ್ ಬಂತು. ಶಸ್ತ್ರಚಿಕಿತ್ಸೆ ಮಾಡಿ ಕಿವಿಯ ಹಿಂದೆ, ಚರ್ಮದ ಕೆಳಗೆ, ನಾಣ್ಯದಂಥ ಒಂದು ಯಂತ್ರ ಕೂರಿಸುತ್ತಾರೆ. ಅದರಿಂದ ಹೊರಟ ಸಣ್ಣ ತಂತಿ ಒಳಗಿವಿಯಲ್ಲಿರುವ ಶಂಖದಂಥ ಭಾಗದೊಳಗೆ ಹೋಗುತ್ತದೆ. ಹೊರಗೆ ಇನ್ನೊಂದು ಯಂತ್ರ ಅಯಸ್ಕಾಂತದಿಂದ ತಲೆಗೆ ಅಂಟಿಕೊಂಡು ಶಬ್ದವನ್ನು ಒಳಕ್ಕೆ ಕಳಿಸುತ್ತದೆ. ಶಸ್ತ್ರಚಿಕಿತ್ಸೆ ಬೆಂಗಳೂರಿನಲ್ಲಿ. ಆಮೇಲಿನ ಕೆಲಸ, ಯಂತ್ರ ಹೊಂದಿಸಿ ವರ್ಷಗಟ್ಟಲೆ ಮಾತು ಕಲಿಸುವುದು, ನಮ್ಮ ಊರಿನವರ ಮಟ್ಟಿಗೆ ನನ್ನ ಪಾಲಿಗೆ ಬಂತು. ಎರಡು ಸಾವಿರದ ಇಸವಿ ದಾಟುವ ಹೊತ್ತಿಗೆ ಅಂಥ ಮಕ್ಕಳು ನನ್ನ ಹತ್ತಿರ ಬೆರಳೆಣಿಕೆಯಷ್ಟಿದ್ದರು. ಅವರಲ್ಲಿ ಸುಮಾ ಒಬ್ಬಳು.

ಸುಮಾ ಜವನಗೊಂಡನಹಳ್ಳಿಯವಳು. ತಂದೆ ಈರಣ್ಣ ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್. ತಾಯಿ ಹನುಮಕ್ಕ, ಆದಿವಾಲದಿಂದ ಮದುವೆಯಾಗಿ ಬಂದವಳು, ಏಳನೇ ಕ್ಲಾಸಿನವರೆಗೆ ಓದಿದ್ದಳು. ಮನೆಯಲ್ಲಿ ಈರಣ್ಣನ ತಾಯಿ, ಅಜ್ಜಿ ಎಂದೇ ನಾವೆಲ್ಲ ಕರೆಯುತ್ತಿದ್ದವರು. ಸುಮಾಳಿಗೆ ನಾಲ್ಕು ವರ್ಷವಾದಾಗ ಬಲಗಿವಿಗೆ ಶಸ್ತ್ರಚಿಕಿತ್ಸೆ ಆಯಿತು. ಯಂತ್ರ ಚಾಲೂ ಮಾಡಿದ ದಿನ ಅವಳು ಬೆಚ್ಚಿ ತಾಯಿಯ ಸೆರಗಿನೊಳಗೆ ಹೊಕ್ಕಳು. ಹನುಮಕ್ಕ ವಾರಕ್ಕೆರಡು ಸಲ ಬಸ್ಸು ಹತ್ತಿ ಚಿತ್ರದುರ್ಗಕ್ಕೆ ಬರುತ್ತಿದ್ದಳು. ನಾನು ಹೇಳಿಕೊಟ್ಟದ್ದನ್ನು ಮನೆಯಲ್ಲಿ ಮಾಡಿಸುತ್ತಿದ್ದಳು. ಒಂದು ವರ್ಷದೊಳಗೆ ಸುಮಾ ಅಮ್ಮ, ಅಜ್ಜಿ, ನೀರು, ಬಾ, ಬ್ಯಾಡ ಎಲ್ಲ ಅನ್ನುತ್ತಿದ್ದಳು. ಹಿಂದಿನಿಂದ ಹೆಸರು ಹಿಡಿದು ಕರೆದರೆ ತಿರುಗುತ್ತಿದ್ದಳು. ಬೇರೆ ತಾಯಂದಿರಿಗೆ ನಾನು ಹನುಮಕ್ಕನನ್ನು ತೋರಿಸಿ, “ಇವರ ಹಾಗೆ ಮಾಡಬೇಕು,” ಎನ್ನುತ್ತಿದ್ದೆ.

ಒಂದೂವರೆ ವರ್ಷವಾದ ಮೇಲೆ ಏನೋ ತಪ್ಪಿತು. ಬಂದ ಮಾತುಗಳು ಮಸುಕಾದವು. ಬಾಳೆ ಎಂದರೆ ಬಾಗಿಲು ತೋರಿಸತೊಡಗಿದಳು. ತಲೆಯ ಮೇಲಿನ ಯಂತ್ರವನ್ನು ಕಿತ್ತು ಎಸೆಯುತ್ತಿದ್ದಳು. ಹನುಮಕ್ಕ ಬಂದು ಕೂತಳು.

“ಮೇಡಂ, ಅವಳಿಗೆ ಒಂದ್ಸಲ ಕೇಳತೈತೆ, ಒಂದ್ಸಲ ಕೇಳಲ್ಲ.”

ನಾನು ಸುಮಾಳನ್ನು ಕುರ್ಚಿಯಲ್ಲಿ ಕೂರಿಸಿ, ಅಲ್ಲಾಡಬೇಡ ಎಂದು ಹೇಳಿ, ಪರೀಕ್ಷೆ ಮಾಡಿದೆ. ಎಲ್ಲ ಕೇಳಿಸುತ್ತಿತ್ತು. ಹೊರಗಿನ ಯಂತ್ರದ ವೈರು, ಬ್ಯಾಟರಿ ಬದಲಾಯಿಸಿದೆ. ತಿಂಗಳಿಗೊಮ್ಮೆ ಕಂಪನಿಯ ಇಂಜಿನಿಯರ್ ಬೆಂಗಳೂರಿನಿಂದ ಲ್ಯಾಪ್‌ಟಾಪ್ ತರುತ್ತಿದ್ದ. ಅದನ್ನು ಜೋಡಿಸಿದರೆ ಒಳಗಿನ ಯಂತ್ರ ಹೇಗಿದೆ ಎಂದು ಪರದೆಯ ಮೇಲೆ ಗೆರೆಗಳು ಏಳುತ್ತಿದ್ದವು. ಗೆರೆಗಳೆಲ್ಲ ಸರಿಯಾಗಿಯೇ ಎದ್ದವು.

“ಡಿವೈಸ್ ಪರ್ಫೆಕ್ಟ್ ಇದೆ ಮೇಡಂ,” ಎಂದ ಅವನು. “ಮನೇಲಿ ಪ್ರಾಕ್ಟೀಸ್ ಆಗ್ತಾ ಇದೆಯಾ ನೋಡಿ.”

ನಾನು ನೋಡಲಿಲ್ಲ. ನಂಬಿದೆ. ಆ ವರ್ಷ ಹನುಮಕ್ಕ ಊರಿನ ಅಂಗನವಾಡಿಯಲ್ಲಿ ಸಹಾಯಕಿಯಾಗಿ ಸೇರಿದ್ದಳು. ಮಗುವಿಗೆ ಸಮಯ ಕೊಡುತ್ತಿಲ್ಲ ಎಂದು ನನ್ನಷ್ಟಕ್ಕೆ ನಾನು ತೀರ್ಮಾನ ಮಾಡಿಕೊಂಡೆ. ಸುಮಾಳ ಕಡತದಲ್ಲಿ ನನ್ನ ಕೈಯಾರೆ ಬರೆದೆ: ‘ಮನೆಯಲ್ಲಿ ಅಭ್ಯಾಸ ಸಾಲದು. ತಾಯಿಗೆ ತಿಳಿವಳಿಕೆ ಹೇಳಲಾಗಿದೆ.’

ತಿಳಿವಳಿಕೆ ಹೇಳುವಾಗ ಈರಣ್ಣನೂ, ಅಜ್ಜಿಯೂ ಇದ್ದರು. “ಸ್ವಲ್ಪ ಗಟ್ಟಿಯಾಗಿರಬೇಕಮ್ಮ,” ಎಂದೆ ಹನುಮಕ್ಕನಿಗೆ. “ಕೇಳಿಸಿದರೂ ಕೇಳಿಸದ ಹಾಗೆ ಇರುವುದನ್ನು ಮಕ್ಕಳು ಕಲಿತುಬಿಡುತ್ತಾರೆ. ಮುದ್ದು ಮಾಡಿದರೆ ಮಾತು ಬರುವುದಿಲ್ಲ.”

ಅಜ್ಜಿ ಸೊಸೆಯ ಕಡೆ ತಿರುಗಿದಳು. “ಕೇಳ್ದೇನೆ? ಮೇಡಂರೇ ಹೇಳ್ತಾವ್ರೆ.”

ಹನುಮಕ್ಕ ಅಂಗನವಾಡಿ ಬಿಟ್ಟಳು. ಮುಂದಿನ ಭೇಟಿಯಲ್ಲಿ ಮೆಲ್ಲಗೆ ಹೇಳಿದಳು. “ಮೇಡಂ, ನಾನು ನೋಡ್ದೆ. ಸುಮ್ನೆ ಕುಂತಾಗ ಕೇಳತೈತೆ. ಉಣ್ಣಾಗ ಕೇಳಲ್ಲ.”

ನಾನು ನಕ್ಕೆ. ಅದನ್ನು ಬರೆಯುವುದು ಕಷ್ಟ, ಆದರೆ ನಕ್ಕದ್ದು ನಿಜ. “ಉಣ್ಣುವಾಗ ಯಾವ ಮಗು ತಾನೇ ಕರೆದರೆ ನೋಡುತ್ತದೆ ಹನುಮಕ್ಕ?” ಎಂದೆ.

ಆಮೇಲೆ ಎರಡು ಮೂರು ಭೇಟಿಗಳಲ್ಲಿ ಅವಳು ಅದೇ ಮಾತು ಹೇಳಿದಳು. ಪ್ರತಿ ಸಲ ದನಿ ಇನ್ನೂ ಸಣ್ಣದಾಗುತ್ತಿತ್ತು. ಆಮೇಲೆ ಹೇಳುವುದನ್ನು ಬಿಟ್ಟಳು.

ಅದೇ ತಿಂಗಳುಗಳಲ್ಲಿ ಸುಮಾ ಪಾಠದ ನಡುವೆ ಕಿವಿಯ ಹಿಂದೆ ಕೈಯಿಟ್ಟು “ಮುಳ್, ಮುಳ್” ಎನ್ನುತ್ತಿದ್ದಳು. ನಾನು ಚಿತ್ರದ ಕಾರ್ಡುಗಳಲ್ಲಿ ಗುಲಾಬಿ ಗಿಡ ತೋರಿಸಿ ಆ ಪದ ಕಲಿಸಿದ್ದೆ. ಹೊಸ ಪದ ತಾನಾಗಿಯೇ ಆಡುತ್ತಿದ್ದಾಳೆ ಎಂದು ಸಂತೋಷಪಟ್ಟೆ. “ಮುಳ್ಳು. ಳ್ಳು. ನಾಲಿಗೆ ಮಡಚು,” ಎಂದು ಉಚ್ಚಾರ ತಿದ್ದಿದೆ. ಅವಳು ಕಣ್ಣಲ್ಲಿ ನೀರು ತುಂಬಿಕೊಂಡು “ಮುಳ್ಳು” ಎಂದು ಸರಿಯಾಗಿ ಹೇಳಿದಳು. ನಾನು ಚಪ್ಪಾಳೆ ತಟ್ಟಿದೆ.

ಹಿರಿಯೂರಿನ ಶಿಬಿರದ ದಿನ ಮಧ್ಯಾಹ್ನ ನಾನು ಶಾಲೆಯ ಜಗುಲಿಯಲ್ಲಿ ಬುತ್ತಿ ಬಿಚ್ಚಿ ಕೂತಿದ್ದೆ. ಹನುಮಕ್ಕ ಅಂಗಳದ ಹೊಂಗೆಮರದ ಕೆಳಗೆ ಸುಮಾಳಿಗೆ ರೊಟ್ಟಿ ತಿನ್ನಿಸುತ್ತಿದ್ದಳು. ನನ್ನನ್ನು ನೋಡಿ ಎದ್ದು ಬಂದಳು. ಅವಳ ಮುಖದಲ್ಲಿ ಹಿಂದಿನ ಅಂಜಿಕೆ ಇರಲಿಲ್ಲ.

“ಮೇಡಂ, ಎದ್ದು ಬರ್ರಿ. ಒಂದು ಗಳಿಗೆ.”

“ಊಟ ಮುಗಿಸಿ ಬರ್ತೀನಿ, ತಾಳು.”

“ಈಗ್ಲೇ ಬರ್ರಿ. ಅವಳು ಉಣ್ಣೋದು ಮುಗ್ಸಿಬಿಡ್ತಾಳೆ.”

ಹೋದೆ. ಸುಮಾ ನಮಗೆ ಬೆನ್ನು ಹಾಕಿ ಕೂತು ರೊಟ್ಟಿ ಅಗಿಯುತ್ತಿದ್ದಳು. “ಕರೀರಿ,” ಎಂದಳು ಹನುಮಕ್ಕ. ನಾನು ಸುಮಾ ಎಂದೆ. ತಿರುಗಲಿಲ್ಲ. ಹನುಮಕ್ಕ ಮಗಳ ಕೈಯಿಂದ ರೊಟ್ಟಿ ಕಸಿದುಕೊಂಡಳು, ಬಾಯಲ್ಲಿದ್ದದ್ದು ಖಾಲಿಯಾಗುವವರೆಗೆ ಕಾದಳು. “ಈಗ ಕರೀರಿ.” ನಾನು ಅದೇ ದನಿಯಲ್ಲಿ ಕರೆದೆ. ಸುಮಾ ಥಟ್ಟನೆ ತಿರುಗಿ ನನ್ನನ್ನು ನೋಡಿದಳು. ಹನುಮಕ್ಕ ಮತ್ತೆ ರೊಟ್ಟಿ ಕೊಟ್ಟಳು. ಅಗಿಯತೊಡಗಿದ ಮೇಲೆ ನಾನು ಕರೆದೆ, ಚಪ್ಪಾಳೆ ತಟ್ಟಿದೆ, ಬುತ್ತಿಯ ಮುಚ್ಚಳಕ್ಕೆ ಚಮಚದಿಂದ ಬಾರಿಸಿದೆ. ಅಂಗಳದ ಆಚೆ ತುದಿಯಲ್ಲಿದ್ದ ಮಕ್ಕಳೆಲ್ಲ ತಿರುಗಿ ನೋಡಿದರು. ಮಾರು ದೂರದಲ್ಲಿದ್ದ ಸುಮಾ ನೋಡಲಿಲ್ಲ.

ದವಡೆ ಆಡಿದಾಗ ಕಿವಿಯ ಮೇಲಿನ ಸ್ನಾಯು ಆಡುತ್ತದೆ. ಯಂತ್ರ ಕೂತಿರುವುದು ಆ ಸ್ನಾಯುವಿನ ಬಳಿಯೇ. ಒಳಗಿನ ತಂತಿ ಎಲ್ಲೋ ಸೀಳಿದೆ. ಸುಮ್ಮನಿದ್ದರೆ ಕೂಡಿಕೊಳ್ಳುತ್ತದೆ, ಅಗಿದರೆ ಬಿಡುತ್ತದೆ. ಅಲ್ಲಿ ನಿಂತಲ್ಲೇ ನನಗೆ ಅದು ಹೊಳೆಯಿತು. ಪ್ರತಿ ಪರೀಕ್ಷೆಯಲ್ಲೂ ಅಲ್ಲಾಡಬೇಡ ಎಂದು ಗದರಿಸಿ ಕೂರಿಸಿದವಳು ನಾನೇ. ರೊಟ್ಟಿ ಮುಗಿಸಿ ತಿರುಗಿದ ಸುಮಾ ನನ್ನ ಮುಖ ನೋಡಿ, ನಾನು ಏನೋ ಕೇಳುತ್ತಿದ್ದೇನೆ ಎಂದುಕೊಂಡು ಕಿವಿಯ ಹಿಂದೆ ಬೆರಳಿಟ್ಟು, ನಾಲಿಗೆ ಮಡಚಿ, ಸ್ಪಷ್ಟವಾಗಿ ಹೇಳಿದಳು. “ಮುಳ್ಳು.”

ಒಡೆದ ತಂತಿಯಿಂದ ವಿದ್ಯುತ್ತು ಬೇಡದ ಕಡೆ ಚುಚ್ಚುತ್ತಿತ್ತು. ಆ ಮಗು ತನಗೆ ಗೊತ್ತಿದ್ದ ಕೆಲವೇ ಮಾತುಗಳಲ್ಲಿ ಸರಿಯಾದದ್ದನ್ನೇ ಆರಿಸಿ ನನಗೆ ಹೇಳುತ್ತ ಬಂದಿದ್ದಳು.

ಚಿತ್ರದುರ್ಗಕ್ಕೆ ಬಂದು ದೊಡ್ಡ ಡಾಕ್ಟರಿಗೆ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಆ ದಿನ ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಮುಂದಿನ ವಾರ ಇಂಜಿನಿಯರ್ ಬಂದಾಗ ಸುಮಾಳ ಕೈಗೆ ಕಡಲೆಬೀಜದ ಚಿಕ್ಕಿ ಕೊಟ್ಟು ಲ್ಯಾಪ್‌ಟಾಪ್ ಜೋಡಿಸಲು ಹೇಳಿದೆವು. ಅವಳು ಕಚ್ಚಿ ಅಗಿಯುತ್ತಿದ್ದಂತೆ ಪರದೆಯ ಗೆರೆಗಳು ಒಂದೊಂದಾಗಿ ಬಿದ್ದವು. ನಿಲ್ಲಿಸಿದಳು, ಎದ್ದವು. ಇಂಜಿನಿಯರ್ ಪರದೆಯಿಂದ ತಲೆಯೆತ್ತಿದ. “ಹೀಗೆ ಯಾರೂ ಚೆಕ್ ಮಾಡಲ್ಲ ಮೇಡಂ,” ಎಂದ.

“ಇವರಮ್ಮ ಮಾಡಿದ್ದರು,” ಎಂದೆ.

ಮನೆಯವರನ್ನೆಲ್ಲ ಡಾಕ್ಟರ ಕೋಣೆಗೆ ಕರೆಸಿದೆವು. ಒಳಗಿನ ಯಂತ್ರ ಕೆಟ್ಟಿದೆ, ತೆಗೆದು ಹೊಸದು ಹಾಕಬೇಕು, ಖಾತರಿ ಅವಧಿ ಇರುವುದರಿಂದ ಯಂತ್ರವನ್ನು ಕಂಪನಿಯೇ ಕೊಡುತ್ತದೆ ಎಂದು ಡಾಕ್ಟರು ಹೇಳಿದರು. ಯಂತ್ರ ಯಾರು ಕೊಡುತ್ತಾರೆ ಎಂಬುದು ಅಲ್ಲಿ ಯಾರಿಗೂ ಬೇಕಿರಲಿಲ್ಲ. ಅಜ್ಜಿ ಮೊಮ್ಮಗಳ ತಲೆಯನ್ನು ಎರಡೂ ಕೈಯಿಂದ ಹಿಡಿದುಕೊಂಡಳು.

“ಒಂದ್ಸಲ ಮೂಳೆ ಕೊರ್ದಿದ್ದು ಸಾಲ್ದೇನ್ರಿ? ಇದೇನು ಬೋರ್‌ವೆಲ್ಲೇ, ನೀರು ಬರ್ಲಿಲ್ಲ ಅಂತ ಇನ್ನೊಂದ್ಸಲ ಕೊರ್ಯಾಕೆ? ಬ್ಯಾಡ. ಮೂಗಿಯಾಗೇ ಇರ್ಲಿ, ಜೀವ ಇರ್ಲಿ.”

ಡಾಕ್ಟರು ಅವಳ ಮಾತನ್ನು ತಳ್ಳಿಹಾಕಲಿಲ್ಲ. ಎರಡನೇ ಸಲದ ಕಷ್ಟಗಳನ್ನು ಬಿಡಿಸಿ ಹೇಳಿದರು. ಹಳೆಯ ಗಾಯದ ಗಂಟುಗಳ ನಡುವೆ ದಾರಿ ಮಾಡಬೇಕು. ಮುಖದ ನರ ಪಕ್ಕದಲ್ಲೇ ಹಾದುಹೋಗುತ್ತದೆ. ಹಳೆಯ ತಂತಿ ಇದ್ದ ಜಾಗದಲ್ಲಿ ಹೊಸದು ಪೂರ್ತಿ ಹೋಗುತ್ತದೆ ಎಂದು ಯಾರೂ ಬರೆದುಕೊಡಲಾರರು. ಹೋದರೆ ಮೊದಲಿನಷ್ಟೇ ಕೇಳಿಸಬಹುದು. ಆದರೆ ಈಗಿನ ಹಾಗೆ ಬಿಟ್ಟರೆ ಬಂದ ಮಾತೂ ಹೋಗುತ್ತದೆ.

ಈರಣ್ಣ ಅಷ್ಟು ಹೊತ್ತು ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಅವನು ಡಾಕ್ಟರನ್ನು ಕೇಳಲಿಲ್ಲ, ನನ್ನನ್ನು ಕೇಳಿದ. “ಹಂಗಾರೆ ಇವಳ್ದು ತಪ್ಪಿಲ್ವಾ ಮೇಡಂ?”

“ಇಲ್ಲ ಈರಣ್ಣ. ಹನುಮಕ್ಕ ಮೊದಲಿಂದಲೂ ಸರಿಯಾಗಿಯೇ ಹೇಳ್ತಿದ್ದರು. ನಾನು ಕೇಳಲಿಲ್ಲ. ತಪ್ಪು ನನ್ನದು.”

ಹನುಮಕ್ಕ ಎದ್ದು ಹೊರಗೆ ಹೋದಳು. ನಾನು ಹಿಂದೆ ಹೋದೆ. ಆಸ್ಪತ್ರೆಯ ಹಿಂಭಾಗದಲ್ಲಿ ನಲ್ಲಿಯ ಹತ್ತಿರ ನಿಂತು ಮುಖ ತೊಳೆಯುತ್ತಿದ್ದಳು. ತೊಳೆದದ್ದೇ ತೊಳೆಯುತ್ತಿದ್ದಳು. ಕ್ಷಮೆ ಕೇಳಬೇಕೆಂದು ನಾನು ಬಾಯಿ ತೆರೆಯುವ ಮೊದಲು ಅವಳೇ ಮಾತಾಡಿದಳು.

“ಗಟ್ಟಿಯಾಗಿರು ಅಂದ್ರಿ ನೀವು. ನಾನು ಹೊಡ್ದೆ ಮೇಡಂ. ಉಣ್ಣಾಗ ಕರ್ದೆ, ತಿರುಗ್ಲಿಲ್ಲ, ಬೇಕಂತ ಮಾಡ್ತಾಳೆ ಅಂತ ಹೊಡ್ದೆ. ಒಂದಿನ ಅಲ್ಲ. ಅಳ್ತಾ ರೊಟ್ಟಿ ಅಗೀತಿತ್ತು ಕೂಸು. ಕೇಳ್ದೇ ಇರೋ ಮಗೀಗೆ ಕೇಳಲ್ಲ ಅಂತ ಹೊಡ್ದೆನಲ್ಲ.”

ನನ್ನದು ತಪ್ಪಾಯಿತು ಎಂದು ಹೇಳಿದೆ. ಹನುಮಕ್ಕ, ಪರವಾಗಿಲ್ಲ ಎನ್ನಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, “ಆಪರೇಷನ್ ಮಾಡಿಸ್ತೀನಿ,” ಎಂದಳು. “ನೀವೂ ಬರ್ಬೇಕು. ಒಳಗೆ ಇರ್ಬೇಕು.”

ಒಳಗೆ ಇರುವುದು ಹೇಗೂ ನನ್ನ ಕೆಲಸದ ಭಾಗವಾಯಿತು. ಯಂತ್ರ ಕೂರಿಸಿದ ಕೂಡಲೇ ಅಲ್ಲೇ ಪರೀಕ್ಷಿಸಬೇಕಿತ್ತು. ಬೆಂಗಳೂರಿನ ಶಸ್ತ್ರಚಿಕಿತ್ಸಕರು ನನಗೂ ಅದರಲ್ಲಿ ಕೈಜೋಡಿಸಲು ಒಪ್ಪಿದರು. ಬೆಳಿಗ್ಗೆ ಸುಮಾಳನ್ನು ಒಳಗೆ ಕರೆದೊಯ್ಯುವಾಗ ತಲೆಯ ಬಲಭಾಗದ ಕೂದಲು ಬೋಳಿಸಿದ್ದರು. ಅಜ್ಜಿ ಆ ಕೂದಲನ್ನು ಕಾಗದದಲ್ಲಿ ಕಟ್ಟಿ ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದಳು. ಕೊನೆಯ ದಿನದವರೆಗೂ ಬೇಡ ಎಂದವಳು, ಆದರೆ ಬಸ್ಸು ಹತ್ತುವಾಗ ಎಲ್ಲರಿಗಿಂತ ಮೊದಲು ಹತ್ತಿದ್ದಳು.

ಮೊದಲ ಶಸ್ತ್ರಚಿಕಿತ್ಸೆಯಲ್ಲಿ ಹೊಸ ನೆಲದಲ್ಲಿ ಕೆಲಸ. ಎರಡನೆಯದರಲ್ಲಿ ಯಾವುದೂ ಇದ್ದ ಜಾಗದಲ್ಲಿ ಇರುವುದಿಲ್ಲ. ಹಳೆಯ ಯಂತ್ರದ ಸುತ್ತ ದೇಹ ತನ್ನದೇ ಚೀಲ ಕಟ್ಟಿಕೊಂಡಿತ್ತು. ಅದನ್ನು ಕೊಯ್ದು ಬಿಡಿಸಲಿಕ್ಕೆ ಬಹಳ ಹೊತ್ತು ಹಿಡಿಯಿತು. ಯಂತ್ರವನ್ನು ಕತ್ತರಿಸಿ ತೆಗೆದರು, ಆದರೆ ಶಂಖದೊಳಗಿನ ತಂತಿಯನ್ನು ಅಲ್ಲೇ ಬಿಟ್ಟರು. “ಹೊಸದು ಕೈಯಲ್ಲಿ ತಯಾರಾಗುವವರೆಗೆ ಹಳೆಯದನ್ನು ಎಳೆಯಬಾರದು,” ಎಂದು ಶಸ್ತ್ರಚಿಕಿತ್ಸಕರು ತಲೆಯೆತ್ತದೆ ಹೇಳಿದರು. “ದಾರಿ ಮುಚ್ಚಿಕೊಂಡರೆ ಮತ್ತೆ ಸಿಗುವುದಿಲ್ಲ.” ಹೊಸ ತಂತಿಯನ್ನು ಚಿಮಟದಲ್ಲಿ ಹಿಡಿದ ಮೇಲೆಯೇ ಹಳೆಯದನ್ನು ನಿಧಾನಕ್ಕೆ ಎಳೆದರು. ಹೊಸದು ಹೋಯಿತು. ಅರ್ಧದಲ್ಲಿ ನಿಂತಿತು. ಅವರ ಕೈಯೂ ನಿಂತಿತು. ಕೂದಲೆಳೆಯಷ್ಟು ಹಿಂದಕ್ಕೆ ತೆಗೆದು, ಸ್ವಲ್ಪ ತಿರುಗಿಸಿ, ಮತ್ತೆ ನೂಕಿದರು. ಪೂರ್ತಿ ಹೋಯಿತು.

ನಾನು ಪರೀಕ್ಷೆ ಶುರು ಮಾಡಿದೆ. ಯಂತ್ರ ಕೊಟ್ಟ ವಿದ್ಯುತ್ತಿನ ಪ್ರತಿ ಮಿಡಿತಕ್ಕೂ ಸುಮಾಳ ನರ ಉತ್ತರ ಕೊಟ್ಟಿತು. ಪ್ರಜ್ಞೆ ಇಲ್ಲದೆ ಮಲಗಿದ ಆ ಮಗುವಿನ ನರದಿಂದ ಪರದೆಯಲ್ಲಿ ಗೆರೆ ಮೇಲೆ ಗೆರೆ ಎದ್ದು ಬರುವುದನ್ನು ನೋಡುತ್ತ ನಾನು ಅತ್ತೆ. ಮುಖಕ್ಕೆ ಮಾಸ್ಕ್ ಇದ್ದದ್ದು ಒಳ್ಳೆಯದಾಯಿತು.

ಹೊರಬಂದ ಯಂತ್ರವನ್ನು ಕಂಪನಿಗೆ ಕಳಿಸುವ ಮೊದಲು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿದೆವು. ತಂತಿ ಯಂತ್ರವನ್ನು ಸೇರುವ ಜಾಗದಲ್ಲಿ ಬಿರುಕು ಕಾಣುತ್ತಿತ್ತು. ಎಂಟು ತಿಂಗಳು ನಾವೆಲ್ಲ ಹನುಮಕ್ಕನಲ್ಲಿ ಹುಡುಕಿದ ದೋಷ ಅಕ್ಕಿಕಾಳಿಗಿಂತ ಚಿಕ್ಕದಾಗಿತ್ತು.

ಗಾಯ ಮಾಯ್ದು ತಿಂಗಳಾದ ಮೇಲೆ ಚಿತ್ರದುರ್ಗದಲ್ಲಿ ಯಂತ್ರ ಚಾಲೂ ಮಾಡಿದೆವು. ಎಲ್ಲ ಮೊದಲಿನಂತೆ ಆಗುತ್ತದೆ ಎಂದು ಎಲ್ಲರೂ ಕಾದು ನಿಂತಿದ್ದರು. ಹನುಮಕ್ಕ ಮಗಳ ಹಿಂದೆ ಕೂತು, “ಸುಮಿ,” ಎಂದಳು. ಸುಮಾ ತಿರುಗಿದಳು. ತಾಯಿಯ ಬಾಯಿಯನ್ನೇ ನೋಡಿದಳು. ಹನುಮಕ್ಕ ಇನ್ನೊಮ್ಮೆ, “ಸುಮಿ, ಅಮ್ಮ,” ಎಂದಳು. ಸುಮಾ ತಲೆಯಾಡಿಸಿದಳು.

“ಅಮ್ಮ ಅಲ್ಲ.”

ಹೊಸ ಯಂತ್ರ ಬೇರೆ ಬಗೆಯದು, ಶಬ್ದ ಬೇರೆ. ಅವಳು ಒಂದೂವರೆ ವರ್ಷ ಕೇಳಿ ತನ್ನದು ಮಾಡಿಕೊಂಡಿದ್ದ ತಾಯಿಯ ದನಿ ಅದರಲ್ಲಿ ಇರಲಿಲ್ಲ. ಇದು ಹೀಗಾಗಬಹುದು ಎಂದು ಪುಸ್ತಕದಲ್ಲಿ ಓದಿದ್ದೆ, ಮನೆಯವರಿಗೆ ಮೊದಲೇ ಹೇಳಿಯೂ ಇದ್ದೆ. ಆದರೆ ಆ ಎರಡು ಪದ ಕೇಳಿದಾಗ ಹನುಮಕ್ಕನ ಮುಖ ನೋಡಲು ನನ್ನಿಂದಾಗಲಿಲ್ಲ. ಅವಳು ಮಾತ್ರ ಅಳಲಿಲ್ಲ. ಮಗಳ ಕೈ ಹಿಡಿದು ತನ್ನ ಗಂಟಲ ಮೇಲೆ ಇಟ್ಟುಕೊಂಡಳು. “ಅಮ್ಮ,” ಎಂದಳು. ಮತ್ತೆ ಎಂದಳು. ಸಂಜೆಯ ಬಸ್ಸಿನ ಹೊತ್ತಾಗುವವರೆಗೆ ಎನ್ನುತ್ತಲೇ ಇದ್ದಳು.

ನಾಲ್ಕೈದು ತಿಂಗಳು ಹಿಡಿಯಿತು. ಒಂದು ದಿನ ಜವನಗೊಂಡನಹಳ್ಳಿಗೆ ಅವರ ಮನೆಗೇ ಹೋದೆ. ಆ ಹೊತ್ತಿಗೆ ನಾನು ಮಕ್ಕಳನ್ನು ಮನೆಯಲ್ಲಿ, ಆಟದಲ್ಲಿ, ಊಟದಲ್ಲಿ ನೋಡಲು ಶುರು ಮಾಡಿದ್ದೆ. ಸುಮಾ ನಡುಮನೆಯಲ್ಲಿ ಮುದ್ದೆ ಉಣ್ಣುತ್ತ ಕೂತಿದ್ದಳು. ಮುದ್ದೆ ನುಂಗುವ ಊಟ, ಅಗಿಯುವುದಲ್ಲ. ಹನುಮಕ್ಕ ನನ್ನ ಕಡೆ ನೋಡಿ, ಬುಟ್ಟಿಯಿಂದ ರೊಟ್ಟಿ ತೆಗೆದು ಮಗಳ ತಟ್ಟೆಗೆ ಹಾಕಿದಳು. ಹಿಂದಿನ ದಿನದ ರೊಟ್ಟಿ, ಗಟ್ಟಿಯಾಗಿತ್ತು. ನಾನು ಕರೆಯಲಿಲ್ಲ, ಅವಳೂ ಕರೆಯಲಿಲ್ಲ. ಆಗ ಹಿತ್ತಲಿನಿಂದ ಅಜ್ಜಿ, ಇದ್ಯಾವುದೂ ಗೊತ್ತಿಲ್ಲದೆ, “ಸುಮೀ, ಚೊಂಬು ತಗಂಬಾರೆ,” ಎಂದು ಕೂಗಿದಳು.

ಸುಮಾ ಅಗಿಯುತ್ತಲೇ, “ತಾಳಜ್ಜಿ, ಉಣ್ತಾ ಇದೀನಿ,” ಎಂದು ಕೂಗಿದಳು.

ಹನುಮಕ್ಕ ಎದ್ದು ತಾನೇ ಚೊಂಬು ತೆಗೆದುಕೊಂಡು ಹಿತ್ತಲಿಗೆ ಹೋದಳು. ಅಲ್ಲಿ ಅತ್ತೆ ಸೊಸೆ ಏನು ಮಾತಾಡಿಕೊಂಡರೋ ನನಗೆ ಕೇಳಿಸಲಿಲ್ಲ. ಬಹಳ ಹೊತ್ತು ಇಬ್ಬರೂ ಒಳಗೆ ಬರಲಿಲ್ಲ.

ಕಡತದಲ್ಲಿ ನಾನು ಬರೆದಿದ್ದ ವಾಕ್ಯವನ್ನು ಅಳಿಸಲಿಲ್ಲ. ಅದರ ಕೆಳಗೆ, ಇದು ತಪ್ಪು, ದೋಷ ಯಂತ್ರದ್ದು, ತಾಯಿ ಮೊದಲೇ ಗುರುತಿಸಿದ್ದರು ಎಂದು ಬರೆದು ಸಹಿ ಹಾಕಿದೆ. ದೊಡ್ಡ ಡಾಕ್ಟರು ಪಕ್ಕದಲ್ಲಿ ತಮ್ಮದೂ ಸಹಿ ಹಾಕಿದರು. ಅಂದಿನಿಂದ ಪ್ರತಿ ಮಗುವಿನ ಕಡತದಲ್ಲಿ ಪರೀಕ್ಷೆಯ ಫಲಕ್ಕಿಂತ ಮೊದಲು ಮನೆಯವರು ಹೇಳಿದ್ದನ್ನು ಅವರದೇ ಮಾತಿನಲ್ಲಿ ಬರೆಯುತ್ತಿದ್ದೆ. ಹೊಸಬರು ಇದರಿಂದ ಸಮಯ ಹಾಳು ಎನ್ನುತ್ತಾರೆ. ಇರಬಹುದು. ಆಮೇಲಿನ ವರ್ಷಗಳಲ್ಲಿ ಇನ್ನಿಬ್ಬರ ಯಂತ್ರ ಕೆಟ್ಟದ್ದನ್ನು ನಾನು ಹಾಗೆಯೇ ಹಿಡಿದೆ. ಒಬ್ಬನದು ಸೈಕಲ್ ತುಳಿಯುವಾಗ, ಇನ್ನೊಬ್ಬಳದು ಜೋರಾಗಿ ನಕ್ಕಾಗ ಮಾತ್ರ ನಿಲ್ಲುತ್ತಿತ್ತು.

ಎರಡನೇ ಶಸ್ತ್ರಚಿಕಿತ್ಸೆಗೆ ಕಾರಣ ಯಾವಾಗಲೂ ತಂತಿಯೇ ಅಲ್ಲ. ಹೊಸದುರ್ಗ ತಾಲ್ಲೂಕಿನ ಭಾಗ್ಯ ಎಂಬ ಐದು ವರ್ಷದ ಮಗುವಿಗೆ ಯಂತ್ರ ಹಾಕಿದ ಜಾಗದಲ್ಲಿ ಕೀವಾಯಿತು. ಎಷ್ಟು ಔಷಧಿ ಕೊಟ್ಟರೂ ವಾಸಿಯಾಗದೆ ಯಂತ್ರವನ್ನು ತೆಗೆಯಬೇಕಾಯಿತು. ಗಾಯ ಪೂರ್ತಿ ಮಾಯಲಿ ಎಂದು ಆರು ತಿಂಗಳು ಕಾದು ಮತ್ತೆ ಹಾಕುವುದೆಂದು ತೀರ್ಮಾನ. ಆ ಆರು ತಿಂಗಳು ಮಗುವಿಗೆ ಏನೂ ಕೇಳಿಸುವಂತಿರಲಿಲ್ಲ. ಅವಧಿ ಮುಗಿದಾಗ ತಂದೆ ತಾಯಿ ಹಿಂಜರಿದರು. ನಾನು ಹೇಳಿದ್ದು ಅವರ ಮನಸ್ಸಿಗೆ ಇಳಿಯಲಿಲ್ಲ. ಆಗ ಹನುಮಕ್ಕನಿಗೆ ಹೇಳಿಕಳಿಸಿದೆ. ಹೊಸದುರ್ಗದ ಶಿಬಿರದ ದಿನ ಅವಳು ಸುಮಾಳನ್ನು ಕರೆದುಕೊಂಡು ಎರಡು ಬಸ್ಸು ಬದಲಾಯಿಸಿ ಬಂದಳು. ಸುಮಾಳಿಗೆ ಆಗ ಒಂಬತ್ತು ವರ್ಷ.

ಭಾಗ್ಯಳ ತಾಯಿ ಹನುಮಕ್ಕನ ಮುಂದೆ ಬಾಯಿಬಿಟ್ಟಳು. “ನಾನೇ ಸರಿಯಾಗಿ ನೋಡ್ಕಣ್ಲಿಲ್ಲವೇನೋ ಅಕ್ಕ. ತಲೆಗೆ ನೀರು ಬಿತ್ತೋ ಏನೋ. ಅದಕ್ಕೇ ಕೀವಾಯ್ತೇನೋ.”

“ಯಾರಾದ್ರೂ ಹಂಗಂದ್ರಾ?”

“ಯಾರೂ ಅನ್ನಲಿಲ್ಲ. ನಂಗೇ ಅನ್ಸತೈತೆ.”

“ಕುಂತ್ಕ ಇಲ್ಲಿ,” ಎಂದಳು ಹನುಮಕ್ಕ. ನನ್ನನ್ನು ತೋರಿಸಿದಳು. “ಈ ಮೇಡಂರೂ ತಪ್ಪು ಮಾಡಿದ್ರು, ನಾನೂ ಮಾಡಿದೀನಿ. ಎಲ್ಲ ಹೇಳ್ತೀನಿ, ಕೇಳು.” ಎಲ್ಲವನ್ನೂ ಹೇಳಿದಳು. ನನ್ನ ಎದುರೇ, ಒಂದನ್ನೂ ಬಿಡದೆ, ಒಂದನ್ನೂ ಹೆಚ್ಚಿಸದೆ ಹೇಳಿದಳು. ನಾನು ತಲೆ ತಗ್ಗಿಸಿ ಕೇಳಿದೆ.

ಅಷ್ಟರಲ್ಲಿ ಸುಮಾ ಬೆಂಚಿನ ತುದಿಯಲ್ಲಿ ಭಾಗ್ಯಳ ಪಕ್ಕ ಹೋಗಿ ಕೂತಿದ್ದಳು. ಕೂದಲೆತ್ತಿ ಕಿವಿಯ ಹಿಂದಿನ ಗಾಯದ ಗೆರೆ ತೋರಿಸಿ, “ನಂಗೂ ಎರಡ್ಸಲ ಮಾಡಿದ್ರು,” ಎಂದಳು. ಭಾಗ್ಯ ಸುಮ್ಮನೆ ನೋಡಿತು. ಆ ಮಗುವಿಗೆ ಕೇಳಿಸುವುದಿಲ್ಲ ಎಂದು ಸುಮಾಳಿಗೆ ಆಮೇಲೆ ಹೊಳೆದಿರಬೇಕು. ಎರಡು ಬೆರಳು ತೋರಿಸಿದಳು. ಕೆನ್ನೆಗೆ ಕೈಯಿಟ್ಟು ಕಣ್ಣು ಮುಚ್ಚಿ ನಿದ್ದೆ ಮಾಡಿದಳು. ತಲೆಗೆ ಬಟ್ಟೆ ಸುತ್ತಿದ ಹಾಗೆ ಕೈ ತಿರುಗಿಸಿದಳು. ಕಿವಿಯ ಹತ್ತಿರ ಬೆರಳುಗಳನ್ನು ಅರಳಿಸಿ ನಕ್ಕಳು.

ಕೈಸನ್ನೆ ಮಾಡಬೇಡಿ, ಸನ್ನೆ ರೂಢಿಯಾದರೆ ಮಾತು ಬರುವುದಿಲ್ಲ ಎಂದು ನಾನು ಅಷ್ಟು ವರ್ಷವೂ ಎಲ್ಲ ಮಕ್ಕಳ ಕೈ ಹಿಡಿದು ಕೆಳಗಿಳಿಸಿದವಳು. ನಮಗೆ ಕಲಿಸಿದ್ದೂ ಹಾಗೆಯೇ. ಆ ದಿನ ತಡೆಯಲು ಎದ್ದು ಹೋಗಲಿಲ್ಲ.

ಭಾಗ್ಯ ಸುಮಾಳ ಗಾಯವನ್ನು ಒಂದು ಬೆರಳಿನಿಂದ ಮುಟ್ಟಿತು. ಮುಖ ಕಿವುಚಿ, ಹುಬ್ಬೆತ್ತಿ ಕೇಳಿತು. ನೋಯುತ್ತದಾ ಎಂದು ಯಾರಿಗಾದರೂ ಅರ್ಥವಾಗುವಂತಿತ್ತು.

ಸುಮಾ ಹೆಬ್ಬೆರಳನ್ನೂ ತೋರುಬೆರಳನ್ನೂ ಹತ್ತಿರ ತಂದು, ಇಷ್ಟೇ ಎಂದು ತೋರಿಸಿದಳು. ಭಾಗ್ಯ ನಂಬದೆ ಅವಳ ಮುಖವನ್ನೇ ನೋಡುತ್ತಿತ್ತು. ಸುಮಾ ಒಂದು ಕ್ಷಣ ಯೋಚಿಸಿದಳು. ಆಮೇಲೆ ಎರಡೂ ಅಂಗೈಗಳನ್ನು ಎದುರುಬದುರು ಹಿಡಿದು, ನಿಧಾನವಾಗಿ ಅಗಲಿಸಿ, ಇಷ್ಟು ಎಂದಳು. ಮತ್ತೆ ಅಷ್ಟೇ ನಿಧಾನವಾಗಿ, ದಿನ ದಿನ ಕಳೆದ ಹಾಗೆ, ಕೈಗಳನ್ನು ಹತ್ತಿರ ತಂದು ಕೂಡಿಸಿದಳು.

ನೋವು ಮೊದಲು ಹೆಚ್ಚಿದ್ದು ದಿನ ಕಳೆದಂತೆ ಇಳಿಯುತ್ತದೆ ಎಂದು ನಾವು ದೊಡ್ಡವರು ಯಾರೂ ಆ ಮಗುವಿಗೆ ಹೇಳಿರಲಿಲ್ಲ. ಭಾಗ್ಯ ಆ ಕೈಗಳನ್ನು ನೋಡಿತು. ಬೆಂಚಿನಿಂದ ಇಳಿದು ತಾಯಿಯ ಹತ್ತಿರ ಹೋಗಿ, ತನ್ನ ಕಿವಿಯ ಹಿಂದಿನ ಜಾಗವನ್ನು ಬೆರಳಿನಿಂದ ಮುಟ್ಟಿ, ತಲೆಯಾಡಿಸಿ ಹೂಂ ಎಂದಿತು.